ಅರವತ್ತಮೂರು ಸಿ.ಸಿ.ಯ ಕೋಣೆ

ಹಳೆಯ ಬುಲೆಟ್ ಮೋಟಾರ್‌ಸೈಕಲ್ಲನ್ನು ಎಬ್ಬಿಸುವ ಕ್ರಮವನ್ನು ಬಲ್ಲವರು ಇಂದಿಗೂ ನಮ್ಮ ಊರುಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಕೀಲಿಯನ್ನು ತಿರುಗಿಸಿ, ಹೆಡ್‌ಲೈಟಿನ ನೆತ್ತಿಯಲ್ಲಿರುವ ಆಮೀಟರಿನ ಮುಳ್ಳು ನಡುವಿಗೆ ಬಂದು ನಿಲ್ಲುವ ತನಕ ಕಿಕ್ಕರನ್ನು ಮೆಲ್ಲಗೆ ಅದುಮಿ, ಎಂಜಿನ್ನಿನ ಬಿಗುವು ಕಾಲಿಗೆ ತಗಲಿದೊಡನೆ ಎಡಗೈಯ ಡಿಕಂಪ್ರೆಸರ್ ಹಿಡಿಯನ್ನೆಳೆದು, ಪಿಸ್ಟನ್ನು ತನ್ನ ಶಿಖರವನ್ನು ಕೂದಲೆಳೆಯಷ್ಟು ದಾಟುವಂತೆ ಮಾಡಿ, ಹಿಡಿಯನ್ನು ಬಿಟ್ಟು, ಮೈಯ ಭಾರವನ್ನೆಲ್ಲ ಒಮ್ಮೆಗೇ ಕಾಲಿನ ಮೇಲೆ ತಂದರೆ, ಆ ಯಂತ್ರವು ಮೊದಲ ಒದೆತಕ್ಕೇ ಮಾತನಾಡುತ್ತದೆ. ಹೆಡ್ಡಿನಲ್ಲಿ ಕೂಡಿಸಿದ ಬೆರಳುಗಾತ್ರದ ಒಂದು ಕವಾಟವು ಒಳಗೆ ಸೆರೆಯಾದ ಗಾಳಿಯನ್ನು ಉಸ್ಸೆಂದು ಹೊರಕ್ಕೆ ಬಿಡುವುದರಿಂದಲೇ ಸಾಧಾರಣ ಮೈಕಟ್ಟಿನ ಮನುಷ್ಯನು ಆ ದಪ್ಪ ಪಿಸ್ಟನ್ನನ್ನು ಶಿಖರ ದಾಟಿಸುವುದು ಸಾಧ್ಯವಾಗುತ್ತದೆ. ಎಂಜಿನ್ನಿನೊಳಗೆ ಗಾಳಿಯು ಎಷ್ಟು ಹಿಂಡಲ್ಪಡುತ್ತಿದೆ ಎಂಬುದನ್ನು ಸವಾರನು ಅಂಗಾಲಿನಿಂದಲೇ ಅರಿಯಬಹುದಾದ ವಾಹನವಿದು. ನಾನು ಈ ದಿನ ಬರೆಯಹೊರಟಿರುವುದು ಆ ಹಿಂಡುವಿಕೆಯನ್ನು ಕುರಿತು. ಅದನ್ನು ಹೆಚ್ಚಿಸಬೇಕೆಂಬ ಆಸೆಯನ್ನು ಕುರಿತು. ಹೆಚ್ಚಿಸಿದ ಮೇಲೆ ಅದನ್ನು ಸಾಕುವ ಬಗೆಯನ್ನು ಕುರಿತು.

ಮದರಾಸಿನಲ್ಲಿ ತಯಾರಾದ ಹಳೆಯ 350 ಬುಲೆಟ್ಟಿನ ಸಿಲಿಂಡರಿನ ವ್ಯಾಸ 70 ಮಿಲಿಮೀಟರು, ಪಿಸ್ಟನ್ನಿನ ಓಟ 90 ಮಿಲಿಮೀಟರು. ಆ ವ್ಯಾಸದ ವೃತ್ತದ ವಿಸ್ತೀರ್ಣವನ್ನು ಓಟದಿಂದ ಗುಣಿಸಿ ನೋಡಿದರೆ ಪಿಸ್ಟನ್ನು ಒಂದು ಸಲ ಮೇಲೇರುವಾಗ ಗುಡಿಸುವ ಜಾಗ 346 ಸಿ.ಸಿ. ಎಂದಾಗುತ್ತದೆ. ಪಿಸ್ಟನ್ನು ತುದಿ ಮುಟ್ಟಿದಾಗ ಅದರ ತಲೆಗೂ ಹೆಡ್ಡಿನ ಒಳಮೈಗೂ ನಡುವೆ ಉಳಿಯುವ ದಹನಕೋಣೆ ಸುಮಾರು 63 ಸಿ.ಸಿ.; ನಮ್ಮ ಹೋಟೆಲುಗಳಲ್ಲಿ ಬೈಟೂ ಕಾಫಿ ಹಂಚಿದಾಗ ಒಬ್ಬನ ಲೋಟಕ್ಕೆ ಬರುವಷ್ಟು. ಕೆಳಗಿದ್ದಾಗ 409 ಸಿ.ಸಿ. ಜಾಗದಲ್ಲಿ ಹರಡಿಕೊಂಡಿದ್ದ ಗಾಳಿ ಪೆಟ್ರೋಲುಗಳ ಮಿಶ್ರಣವು ಈ 63 ಸಿ.ಸಿ.ಯ ಕೋಣೆಯೊಳಗೆ ನುಗ್ಗಿಸಲ್ಪಡುವುದರಿಂದ ಅದು ಆರೂವರೆ ಪಾಲು ಒತ್ತಿದಂತಾಗುತ್ತದೆ. ಗ್ರಂಥಗಳಲ್ಲಿ ಸಂಪೀಡನ ಅನುಪಾತವೆಂದೂ ಗ್ಯಾರೇಜುಗಳಲ್ಲಿ ಕಂಪ್ರೆಷನ್ ರೇಷಿಯೋ ಎಂದೂ ಕರೆಯುವುದು ಇದನ್ನೇ.

ಈ ಆರೂವರೆ ಎಂಬ ಸಂಖ್ಯೆಯನ್ನು ಕಂಡು, ಹಳೆಯ ಕಾಲದವರಿಗೆ ಇದಕ್ಕಿಂತ ಹೆಚ್ಚಿನದನ್ನು ಮಾಡಲು ಬರುತ್ತಿರಲಿಲ್ಲವೆಂದು ಭಾವಿಸುವ ತರುಣರನ್ನು ನಾನು ನೋಡಿದ್ದೇನೆ. ಅದು ತಪ್ಪು ತಿಳಿವಳಿಕೆ. ಇಂಗ್ಲೆಂಡಿನ ರೆಡಿಚ್ ಎಂಬ ಊರಿನ ಕಾರ್ಖಾನೆಯವರು 1940ರ ದಶಕದ ಕೊನೆಯಲ್ಲಿ ಈ ಎಂಜಿನ್ನಿಗೆ ರೂಪ ಕೊಡುತ್ತಿದ್ದಾಗ ಆ ದೇಶದ ಬಂಕುಗಳಲ್ಲಿ ದೊರೆಯುತ್ತಿದ್ದುದು ಯುದ್ಧಕಾಲದ ನಿಯಂತ್ರಣದಿಂದ ಇನ್ನೂ ಬಿಡುಗಡೆ ಹೊಂದದ ಪೂಲ್ ಪೆಟ್ರೋಲ್ ಎಂಬ ಒಂದೇ ದರ್ಜೆಯ ಇಂಧನ. ಅದರ ಆಕ್ಟೇನ್ ಸಂಖ್ಯೆ 70ರ ಆಸುಪಾಸು. 1953ರಲ್ಲಿ ಆ ನಿಯಂತ್ರಣ ತೊಲಗಿತು. 1955ರಲ್ಲಿ ಬುಲೆಟ್ಟು ಮದರಾಸಿನಲ್ಲಿ ಜೋಡಣೆಗೊಳ್ಳತೊಡಗಿತು. ನಮ್ಮ ದೇಶದ ಪೆಟ್ರೋಲಿನ ಗುಣವೂ ಬಹುಕಾಲ ಮಧ್ಯಮವಾಗಿಯೇ ಇದ್ದುದರಿಂದ ಆ ಹಳೆಯ ಎಚ್ಚರಿಕೆಯು ಇಲ್ಲಿಗೂ ಹೊಂದಿಕೊಂಡಿತು. ಆ ಅನುಪಾತವು ತನ್ನ ಕಾಲದ ಇಂಧನವನ್ನು ಚೆನ್ನಾಗಿ ಬಲ್ಲವರು ಮಾಡಿದ ನಿರ್ಣಯವಾಗಿತ್ತು.

ಆಕ್ಟೇನ್ ಎಂದರೆ ಪೆಟ್ರೋಲಿನ ಶಕ್ತಿಯೆಂದು ತಿಳಿದವರೂ ಇದ್ದಾರೆ. ವಾಸ್ತವದಲ್ಲಿ ಅದು ಪೆಟ್ರೋಲಿನ ತಾಳ್ಮೆ. ಪಿಸ್ಟನ್ನು ಶಿಖರಕ್ಕೆ ಸಮೀಪಿಸುತ್ತಿರುವಾಗ ಪ್ಲಗ್ಗಿನ ಕಿಡಿಯಿಂದ ಹುಟ್ಟಿದ ಜ್ವಾಲೆಯು ಕೋಣೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಕ್ರಮವಾಗಿ ಹಬ್ಬಿಕೊಂಡು ಹೋಗಬೇಕಾದುದು ನ್ಯಾಯ. ಹಾಗೆ ಹಬ್ಬುವಾಗ ಅದು ತನ್ನ ಮುಂದಿರುವ, ಇನ್ನೂ ಉರಿಯದ ಮಿಶ್ರಣವನ್ನು ಮತ್ತಷ್ಟು ಅದುಮುತ್ತದೆ, ಕಾಯಿಸುತ್ತದೆ. ದೂರದ ಮೂಲೆಯಲ್ಲಿ ಕಾದು ಕುಳಿತಿರುವ ಆ ಕಡೆಯ ಪಾಲು, ಜ್ವಾಲೆಯು ತನ್ನನ್ನು ಮುಟ್ಟುವ ತನಕ ತಾಳಿಕೊಂಡರೆ ಎಲ್ಲವೂ ಸುಸೂತ್ರ; ತಾಳಲಾರದೆ ತಾನೇ ಒಮ್ಮೆಲೇ ಸಿಡಿದರೆ, ಕೋಣೆಯೊಳಗೆ ಒತ್ತಡದ ಅಲೆಗಳೆದ್ದು ಗೋಡೆಗೆ ಅಪ್ಪಳಿಸುತ್ತವೆ. ಆಗ ಹೊರಗೆ ಕೇಳಿಸುವ ಸದ್ದನ್ನು ನಮ್ಮ ಮೆಕ್ಯಾನಿಕ್ಕರು ನಾಕಿಂಗ್ ಎನ್ನುತ್ತಾರೆ. ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತಹ ಸದ್ದು ಅದು, ಆದರೆ ಲೋಹದ ದನಿಯಲ್ಲಿ. ಆ ಸದ್ದಿಗಿಂತಲೂ ಅನರ್ಥಕಾರಿಯಾದುದು ಕಣ್ಣಿಗೆ ಕಾಣದ ಇನ್ನೊಂದು ಸಂಗತಿ. ಪಿಸ್ಟನ್ನಿನ ತಲೆಯನ್ನು ಬೆಂಕಿಯಿಂದ ಕಾಪಾಡುವುದು ಅದರ ಮೈಗೆ ಅಂಟಿಕೊಂಡಿರುವ, ಹೆಚ್ಚು ಅಲುಗಾಡದ ಅನಿಲದ ಒಂದು ತೆಳು ಪದರ. ಸಿಡಿತದ ಅಲೆಗಳು ಆ ಪದರವನ್ನೇ ಕೊಚ್ಚಿಕೊಂಡು ಹೋಗುವುದರಿಂದ ಉಷ್ಣವು ನೇರವಾಗಿ ಲೋಹದೊಳಕ್ಕೆ ಇಳಿಯುತ್ತದೆ. ಅಲ್ಯೂಮಿನಿಯಂ ಕರಗಲು 660 ಡಿಗ್ರಿ ಸೆಲ್ಸಿಯಸ್ ಸಾಕು, ಬಲಗುಂದಲು ಅದಕ್ಕಿಂತ ಎಷ್ಟೋ ಕಡಿಮೆ ತಾಪವೇ ಸಾಕು.

ಪೆಟ್ರೋಲಿಗೆ ಈ ತಾಳ್ಮೆಯನ್ನು ಕಲಿಸಲು ಅಮೆರಿಕದ ಥಾಮಸ್ ಮಿಜ್ಲಿ 1921ರಲ್ಲಿ ಕಂಡುಹಿಡಿದ ಉಪಾಯ ಅದಕ್ಕೆ ಸೀಸದ ಸಂಯುಕ್ತವನ್ನು ಬೆರೆಸುವುದು. ಆ ಸೀಸವು ಎಂಜಿನ್ನುಗಳಿಗೆ ಅನುಕೂಲವಾಗಿ, ಮಕ್ಕಳ ಮೆದುಳಿಗೆ ವಿಷವಾಗಿ ಪರಿಣಮಿಸಿ, ದಶಕಗಳ ನಂತರ ವಾಹನಗಳ ಪೆಟ್ರೋಲಿನಿಂದ ಹೊರಹಾಕಲ್ಪಟ್ಟಿತು. ಭಾರತದಲ್ಲಿ ಸೀಸ ಬೆರೆತ ಪೆಟ್ರೋಲಿನ ಮಾರಾಟ ನಿಂತದ್ದು 2000ದಲ್ಲಿ. ಅದಕ್ಕಾಗಿ ಯಾವ ಮೋಟಾರ್‌ಸೈಕಲ್ ಪ್ರಿಯನೂ ಮರುಗತಕ್ಕದ್ದಲ್ಲ.

ಇಷ್ಟು ಅಪಾಯವಿರುವಾಗ ಅನುಪಾತವನ್ನು ಹೆಚ್ಚಿಸುವುದಾದರೂ ಏಕೆಂದು ಕೇಳಬಹುದು. ಹೆಚ್ಚು ಒತ್ತಿದ ಮಿಶ್ರಣವು ಉರಿದಾಗ ಹೆಚ್ಚು ದೂರ ಹಿಗ್ಗಿ, ತನ್ನ ಉಷ್ಣದಲ್ಲಿ ಹೆಚ್ಚಿನ ಪಾಲನ್ನು ಕೆಲಸವಾಗಿ ಮಾರ್ಪಡಿಸಿ ಕೊಡುತ್ತದೆ. ಶಾಸ್ತ್ರದ ಸೂತ್ರವನ್ನು ಹಿಡಿದು ಲೆಕ್ಕ ಹಾಕಿದರೆ, ಆರೂವರೆಯಿಂದ ಎಂಟಕ್ಕೆ ಏರಿದಾಗ ದಕ್ಷತೆಯು ಶೇಕಡ 7ರಷ್ಟು ಹೆಚ್ಚುತ್ತದೆ. ಹಳೆಯ 350 ಬುಲೆಟ್ಟಿನ ಎಂಜಿನ್ನು 18 ಅಶ್ವಶಕ್ತಿಯದಾದುದರಿಂದ ಇದು ಸುಮಾರು ಒಂದೂಕಾಲು ಅಶ್ವಶಕ್ತಿಯ ಲಾಭ. ಲಾಭವು ಅಷ್ಟೇ ಆದರೂ ಸವಾರನ ಕೈಗೆ ಅದು ತಿಳಿಯುತ್ತದೆ. ಥ್ರಾಟಲ್ ತಿರುವಿದಾಗ ಯಂತ್ರವು ತಡವರಿಸದೆ ಓಗೊಡುತ್ತದೆ, ಏರಿನಲ್ಲಿ ಗೇರ್ ಇಳಿಸುವ ಪ್ರಸಂಗ ಕಡಿಮೆಯಾಗುತ್ತದೆ. ಪಿಕಪ್ ಬಂತು ಎಂದು ನಮ್ಮ ಜನ ಸಂತೋಷಪಡುವುದು ಇದಕ್ಕೇ. ಆದರೆ ಎಂಟರಿಂದ ಒಂಬತ್ತೂಕಾಲರ ತನಕ ಮತ್ತೆ ಏರಿಸಿದರೆ ಸಿಗುವ ಹೆಚ್ಚುವರಿ ಲಾಭ ಶೇಕಡ ನಾಲ್ಕೂವರೆಗೂ ಕಡಿಮೆ. ಲಾಭವು ಹೀಗೆ ಮೆಟ್ಟಿಲು ಮೆಟ್ಟಿಲಿಗೂ ಕುಗ್ಗುತ್ತ ಹೋಗುತ್ತದೆ; ಕಿಡಿ ಹಾರುವ ಮುನ್ನವೇ ಮಿಶ್ರಣವು ಮುಟ್ಟುವ ತಾಪವಾದರೋ ಏರುತ್ತಲೇ ಹೋಗುತ್ತದೆ. ಒಳಗೆ ಬಂದ ಗಾಳಿಯು 65 ಡಿಗ್ರಿಯಷ್ಟು ಬೆಚ್ಚಗಾಗಿತ್ತೆಂದು ಇಟ್ಟುಕೊಂಡರೆ, ಆರೂವರೆ ಪಾಲು ಒತ್ತಿದಾಗ ಅದು ಸುಮಾರು 380 ಡಿಗ್ರಿಗೂ, ಒಂಬತ್ತೂಕಾಲು ಪಾಲು ಒತ್ತಿದಾಗ ಸುಮಾರು 465 ಡಿಗ್ರಿಗೂ ಏರಿರುತ್ತದೆ.

ಈ ಲೆಕ್ಕವನ್ನು ನಾನು ಕಾಗದದ ಮೇಲೆ ಹಾಕಿದ್ದು ತಡವಾಗಿ. ಮೊದಲು ಕಲಿತದ್ದು ಶಿರಾಡಿ ಘಾಟಿಯಲ್ಲಿ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳ ಸಾಲಿನಲ್ಲಿ ತಲೆಯು ಗುಮ್ಮಟದಂತೆ ಉಬ್ಬಿದ ಒಂದು ಪಿಸ್ಟನ್ನನ್ನು ಕಂಡು, ಡಬ್ಬಿಯ ಮೇಲೆ ಎಂಟೂವರೆ ಎಂದು ಬರೆದಿದ್ದುದನ್ನು ನಂಬಿ, ಅದನ್ನು ನನ್ನ ಹಳೆಯ ಬುಲೆಟ್ಟಿಗೆ ಕೂಡಿಸಿದೆ. ಬೆಂಗಳೂರಿನಲ್ಲಿ ಮೂರು ತಿಂಗಳು ಅದು ಸೊಗಸಾಗಿ ಓಡಿತು. ಏಪ್ರಿಲ್ ತಿಂಗಳಿನಲ್ಲಿ ಮಂಗಳೂರಿಗೆ ಹೋಗಿ, ಹಿಂದೆ ಒಬ್ಬರನ್ನು ಕೂಡಿಸಿಕೊಂಡು, ಮಧ್ಯಾಹ್ನದ ಬಿಸಿಲಿನಲ್ಲಿ ಗುಂಡ್ಯದಿಂದ ಮೇಲಕ್ಕೆ ಹತ್ತತೊಡಗಿದಾಗ ಸಾಸಿವೆಯ ಸದ್ದು ಶುರುವಾಯಿತು. ಲಾರಿಗಳ ಹಿಂದೆ ತೆವಳುತ್ತಿದ್ದ ನಾನು, ಮಾರನಹಳ್ಳಿ ದಾಟಿದರೆ ತಂಪು ಸಿಕ್ಕೀತೆಂದು ಮುಂದುವರಿಸಿದೆ. ದೋಣಿಗಾಲಿಗೆ ಇನ್ನೂ ದೂರವಿರುವಾಗಲೇ ಎಂಜಿನ್ನಿನ ಬಲ ಉಡುಗಿ, ಉಸಿರಾಟದ ಕೊಳವೆಯಿಂದ ನೀಲಿ ಹೊಗೆ ಹೊರಟಿತು. ಸಕಲೇಶಪುರದವರೆಗೆ ಲಾರಿಯೊಂದರಲ್ಲಿ ಹೇರಿ ತಂದು ಹೆಡ್ ಬಿಚ್ಚಿಸಿದಾಗ, ಪಿಸ್ಟನ್ನಿನ ತಲೆಯಲ್ಲಿ ಎಕ್ಸಾಸ್ಟಿನ ಕಡೆಗೆ ಬಟಾಣಿ ಕಾಳಿನಷ್ಟು ಅಗಲದ ತೂತು. ಅದರ ಅಂಚುಗಳು ಕರಗಿದ ಮೇಣದಂತೆ ನುಣುಪಾಗಿದ್ದವು. ಪ್ಲಗ್ಗಿನ ಬಿಳಿಯ ಪಿಂಗಾಣಿಯ ಮೇಲೆ ಸೂಜಿಮೊನೆಗಿಂತ ಸಣ್ಣವಾದ ಬೆಳ್ಳಿಬಣ್ಣದ ಕಣಗಳು ಚಿಮುಕಿಸಿದಂತೆ ಅಂಟಿಕೊಂಡಿದ್ದವು. ಅವು ಪಿಸ್ಟನ್ನಿನ ಅಲ್ಯೂಮಿನಿಯಮ್ಮೇ. ಪ್ಲಗ್ ಬಿಚ್ಚಿ ನೋಡಿದ ಯಾರಿಗೇ ಆಗಲಿ ಆ ಕಣಗಳು ಕಂಡವೆಂದರೆ, ಮನೆಗೆ ವಾಹನವನ್ನು ತಳ್ಳಿಕೊಂಡು ಹೋಗುವುದೇ ಲೇಸು.

ಬೆಂಗಳೂರಿನಲ್ಲಿ ಸುಮ್ಮನಿದ್ದುದು ಘಾಟಿಯಲ್ಲಿ ಏಕೆ ಸಿಡಿಯಿತು? ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಮೇಲಿದೆ. ಅಲ್ಲಿಯ ಗಾಳಿಯ ಒತ್ತಡ ಕರಾವಳಿಯದಕ್ಕಿಂತ ಶೇಕಡ 10ರಷ್ಟು ಕಡಿಮೆ. ಒಳಗೆ ಬರುವ ಗಾಳಿಯೇ ತೆಳುವಾಗಿದ್ದಾಗ ಅದನ್ನು ಎಷ್ಟು ಪಾಲು ಒತ್ತಿದರೂ ಕಡೆಯ ಒತ್ತಡ ಅಷ್ಟಕ್ಕಷ್ಟೆ. ಅದೇ ಎಂಜಿನ್ನು ಗುಂಡ್ಯದ ತಗ್ಗಿನಲ್ಲಿ ದಟ್ಟವಾದ ಗಾಳಿಯನ್ನು ಕುಡಿದು, ಏರಿನ ಭಾರಕ್ಕೆ ಥ್ರಾಟಲ್ ಪೂರಾ ತೆರೆದು, ಗಾಳಿ ಬೀಸದ ನಿಧಾನಗತಿಯಲ್ಲಿ ತನ್ನ ಕಬ್ಬಿಣದ ಬ್ಯಾರೆಲ್ಲನ್ನು ಕಾಯಿಸಿಕೊಳ್ಳುತ್ತ ಹೋದಾಗ, ಬೆಂಗಳೂರು ಮುಚ್ಚಿಟ್ಟಿದ್ದ ತಪ್ಪೆಲ್ಲವೂ ಬಯಲಾಯಿತು. ಮಲೆನಾಡಿನಲ್ಲಿಯೋ ಬಯಲುಸೀಮೆಯ ಎತ್ತರದಲ್ಲಿಯೋ ಎಂಜಿನ್ ಕಟ್ಟಿಸಿ ಕರಾವಳಿಗೆ ಇಳಿಯುವ ನಮ್ಮ ನಾಡಿನ ಸವಾರರು ಈ ಮಾತನ್ನು ವಿಶೇಷವಾಗಿ ನೆನಪಿಡತಕ್ಕದ್ದು.

ತಪ್ಪು ಪಿಸ್ಟನ್ನಿನದಲ್ಲ. ನಾನು ಆ ವಾಹನವನ್ನು ಕೊಳ್ಳುವುದಕ್ಕೆ ಮುಂಚೆ ಯಾರೋ ಬ್ಯಾರೆಲ್ಲಿನ ಮೇಲ್ಮೈಯನ್ನು ಒಂದು ಮಿಲಿಮೀಟರಿನಷ್ಟು ಕೆತ್ತಿಸಿದ್ದರು. ಸವೆದ ಸಿಲಿಂಡರನ್ನು ಅರ್ಧ ಮಿಲಿಮೀಟರು ಅಗಲವಾಗಿ ಬೋರ್ ಮಾಡಿಸಿಯೂ ಇದ್ದರು. ಒಂದು ಮಿಲಿಮೀಟರು ಕೆತ್ತಿದರೆ ಕೋಣೆಯಿಂದ ಸುಮಾರು 3.9 ಸಿ.ಸಿ. ಕಡಿಮೆಯಾಗುತ್ತದೆ. ಕೋಣೆ 63 ಸಿ.ಸಿ. ಇದ್ದಾಗ ಅದು ಅಷ್ಟೇನೂ ದೊಡ್ಡ ಮಾತಲ್ಲ, ಆರೂವರೆಯು 6.9ರ ಹತ್ತಿರಕ್ಕೆ ಬರುತ್ತದೆ, ಅಷ್ಟೆ. ಆದರೆ ಉಬ್ಬುತಲೆಯ ಪಿಸ್ಟನ್ನಿನಿಂದಾಗಿ ಕೋಣೆಯು ಮೊದಲೇ 46 ಸಿ.ಸಿ.ಗೆ ಇಳಿದಿರುವಾಗ ಅದೇ 3.9 ಸಿ.ಸಿ. ಬಹು ತುಟ್ಟಿಯಾಗುತ್ತದೆ. ಬೋರ್ ಮಾಡಿಸಿದ್ದರಿಂದ 346 ಎಂಬುದು 351 ಆಗಿತ್ತು. ಕೋಣೆ 42 ಚಿಲ್ಲರೆ. ನಾನು ಎಂಟೂವರೆಯೆಂದು ನಂಬಿ ಓಡಿಸಿದ್ದು 9.3ರ ಎಂಜಿನ್ನನ್ನು.

ಇದನ್ನು ತಿಳಿಯಲು ಬೇಕಾದುದು ಕಾಲೇಜಿನ ರಸಾಯನಶಾಸ್ತ್ರದ ತರಗತಿಯಲ್ಲಿ ಎಲ್ಲರೂ ಕೈಯಲ್ಲಿ ಹಿಡಿದಿದ್ದ ಬ್ಯೂರೆಟ್ಟು ಮಾತ್ರ. ಪಿಸ್ಟನ್ನನ್ನು ಕಂಪ್ರೆಷನ್ನಿನ ಶಿಖರದಲ್ಲಿ ನಿಲ್ಲಿಸಿ, ಎರಡು ವಾಲ್ವುಗಳೂ ಡಿಕಂಪ್ರೆಸರೂ ಬಿಗಿಯಾಗಿ ಮುಚ್ಚಿವೆಯೆಂಬುದನ್ನು ಖಚಿತ ಮಾಡಿಕೊಂಡು, ಪ್ಲಗ್ಗಿನ ರಂಧ್ರವೇ ಎಲ್ಲಕ್ಕಿಂತ ಮೇಲಿರುವಂತೆ ಎಂಜಿನ್ನನ್ನು ವಾಲಿಸಿ, ಸೀಮೆಎಣ್ಣೆಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿದ ದ್ರವವನ್ನು ಬ್ಯೂರೆಟ್ಟಿನಿಂದ ಹನಿಹನಿಯಾಗಿ ಬಿಡುತ್ತ ಹೋಗಬೇಕು. ಒಳಗಿನ ಗಾಳಿಗುಳ್ಳೆಗಳು ಹೊರಬರಲು ಆಗಾಗ ಎಂಜಿನ್ನನ್ನು ಮೆಲ್ಲನೆ ತಟ್ಟಬೇಕು. ದ್ರವವು ಪ್ಲಗ್ಗಿನ ಮರೆ ಶುರುವಾಗುವ ಕೆಳ ಅಂಚನ್ನು ಮುಟ್ಟಿದಾಗ ನಿಲ್ಲಿಸಿ ಗೀಟನ್ನು ಓದಿದರೆ ಕೋಣೆಯ ಗಾತ್ರ ಸಿಕ್ಕಂತಾಯಿತು. ಪಿಸ್ಟನ್ ರಿಂಗುಗಳ ಸಂದಿನಿಂದ ದ್ರವವು ಕೆಳಗಿಳಿಯುವ ಮುನ್ನ ಕೆಲಸ ಮುಗಿಸಬೇಕಾದುದರಿಂದ ಕೈ ಸ್ವಲ್ಪ ಚುರುಕಾಗಿರಬೇಕು. ಮೂರು ಸಲ ಅಳೆದು ಮೂರೂ ಒಂದಕ್ಕೊಂದು ಹೊಂದಿದರೆ ಮಾತ್ರ ನಂಬಬೇಕು. ಉಬ್ಬುತಲೆಯ ಪಿಸ್ಟನ್ ಹಾಕುವವರು ಹೆಡ್ ಕೂಡಿಸುವಾಗ ಅದರ ತಲೆಯ ಮೇಲೆ ಮಕ್ಕಳು ಆಡುವ ಬಣ್ಣದ ಜೇಡಿಯನ್ನು ಮೆತ್ತಿ, ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿ, ವಾಲ್ವುಗಳು ಆ ಜೇಡಿಯಲ್ಲಿ ಎಷ್ಟು ಆಳಕ್ಕೆ ಅಚ್ಚೊತ್ತಿವೆಯೆಂದು ಚಾಕುವಿನಿಂದ ಕೊಯ್ದು ನೋಡುವುದೂ ಅವಶ್ಯ. ಒಂದೂವರೆ ಮಿಲಿಮೀಟರಿಗಿಂತ ಕಡಿಮೆ ಜೇಡಿ ಉಳಿದಿದ್ದರೆ ಮುಂದುವರಿಯಬಾರದು.

ನನ್ನ ಎಂಜಿನ್ನಿಗೆ ಪರಿಹಾರವು ಸರಳವಾಗಿಯೇ ಇತ್ತು. ತೂತಾದುದರ ಬದಲಿಗೆ ಅಂಥದೇ ಹೊಸ ಪಿಸ್ಟನ್ ಹಾಕಿ, ಬ್ಯಾರೆಲ್ಲಿನ ಬುಡಕ್ಕೆ ಎರಡು ಮಿಲಿಮೀಟರು ದಪ್ಪದ ಅಲ್ಯೂಮಿನಿಯಂ ತಗಡನ್ನು ಕತ್ತರಿಸಿ ಕೂಡಿಸಿದೆವು. ಹಳೆಯ ಕಾಲದ ಎಂಜಿನ್ ಕಟ್ಟುವವರು ಕಂಪ್ರೆಷನ್ ಪ್ಲೇಟ್ ಎಂದು ಕರೆಯುತ್ತಿದ್ದುದು ಇದನ್ನೇ. ಬ್ಯಾರೆಲ್ಲು ಎರಡು ಮಿಲಿಮೀಟರು ಎದ್ದುನಿಂತಿತು, ಕೋಣೆಯು 50 ಸಿ.ಸಿ.ಯಾಯಿತು, ಅನುಪಾತವು ಸರಿಯಾಗಿ ಎಂಟಕ್ಕೆ ಬಂದು ನಿಂತಿತು. ಪುಷ್‌ರಾಡುಗಳ ಬುಡದ ತಿರುಪು ಎರಡು ಮಿಲಿಮೀಟರಿನ ವ್ಯತ್ಯಾಸವನ್ನು ನುಂಗಿಕೊಂಡಿತು. ಆಮೇಲೆ ಕಿಡಿ ಹಾರುವ ಕಾಲ, ಎಂದರೆ ಟೈಮಿಂಗ್. ಹೆಚ್ಚು ಒತ್ತಿದ ಮಿಶ್ರಣವು ಬೇಗ ಉರಿಯುವುದರಿಂದ ಕಿಡಿಯನ್ನು ಅಷ್ಟು ಮುಂಚೆ ಹಚ್ಚಬೇಕಾದ ಅಗತ್ಯವಿಲ್ಲ. ಹಳೆಯ ಟೈಮಿಂಗನ್ನೇ ಉಳಿಸಿಕೊಂಡು ಹೊಸ ಪಿಸ್ಟನ್ ಹಾಕುವುದು ನಾನು ಕಂಡಿರುವ ತಪ್ಪುಗಳಲ್ಲೆಲ್ಲ ಅತ್ಯಂತ ಸಾಮಾನ್ಯವಾದುದು. ತೆರೆದೊಡನೆ ಕಿಡಿ ಹಾರಿಸುವ ಬುಲೆಟ್ಟಿನ ಸಿ.ಬಿ. ಪಾಯಿಂಟು ಪಿಸ್ಟನ್ ಶಿಖರಕ್ಕೆ 0.8 ಮಿಲಿಮೀಟರು ಇರುವಾಗ ತೆರೆಯಬೇಕೆಂಬುದು ರೂಢಿಯ ಅಳತೆ. ಪಾಯಿಂಟಿನ ನಡುವೆ ಸಿಗರೇಟಿನ ತೆಳು ಕಾಗದವನ್ನು ಸಿಕ್ಕಿಸಿ, ಅದು ಸಡಿಲವಾಗಿ ಕೈಗೆ ಬರುವ ಕ್ಷಣವನ್ನು ಹಿಡಿಯುವ ಹಳೆಯ ವಿಧಾನದಿಂದಲೇ ನಾವು ಅದನ್ನು 0.5 ಮಿಲಿಮೀಟರಿಗೆ ತಂದೆವು. ಕ್ರ್ಯಾಂಕಿನ ಸುತ್ತಿನಲ್ಲಿ ಅದು ಎರಡು ಡಿಗ್ರಿ ಹಿಂದೆ ಸರಿದಂತೆ. ಕಾರ್ಬುರೇಟರಿನಲ್ಲಿ ಪೆಟ್ರೋಲನ್ನು ಬಿಡುವ ಮೈನ್ ಜೆಟ್ಟನ್ನು ಒಂದು ಅಳತೆ ದೊಡ್ಡದು ಮಾಡಿದೆವು, ಏಕೆಂದರೆ ಪೆಟ್ರೋಲು ಕಡಿಮೆಯಾದ ತೆಳು ಮಿಶ್ರಣವು ಹೆಚ್ಚು ಕಾಯುತ್ತದೆ. ಉಷ್ಣವನ್ನು ಬೇಗ ಬಿಟ್ಟುಕೊಡುವ ಒಂದು ದರ್ಜೆ ತಂಪಾದ ಪ್ಲಗ್ ಹಾಕಿದೆವು. ಹೆಡ್ಡಿನೊಳಗೆ ಕಟ್ಟಿದ್ದ ಕರಿಯನ್ನು ಮರದ ಚಕ್ಕೆಯಿಂದ ಕೆರೆದು ತೆಗೆದೆವು. ಆ ಕರಿ ಜಾಗವನ್ನೂ ತಿನ್ನುತ್ತದೆ, ಕೆಂಡದಂತೆ ಕಾದು ಕಿಡಿಯಿಲ್ಲದೆಯೇ ಬೆಂಕಿ ಹಚ್ಚಲೂಬಲ್ಲದು.

ಇಂದಿನ ಪೆಟ್ರೋಲಿನ ವಿಷಯ ಬೇರೆ. ಶೇಕಡ 20ರಷ್ಟು ಎಥನಾಲ್ ಬೆರೆತ ಈಗಿನ ಪೆಟ್ರೋಲಿನ ಆಕ್ಟೇನ್ 95ರ ಸುಮಾರಿಗೆ ಇರುವುದರಿಂದ ನಾಕಿಂಗಿನ ಮಟ್ಟಿಗೆ ಅದು ಹಳೆಯ ಎಂಜಿನ್ನಿನ ಮಿತ್ರನೇ. ಆದರೆ ಎಥನಾಲಿಗೆ ಉರಿಯಲು ಗಾಳಿ ಕಡಿಮೆ ಸಾಕಾದುದರಿಂದ, ಜೆಟ್ಟನ್ನು ಶೇಕಡ ಆರೇಳರಷ್ಟು ಹಿಗ್ಗಿಸದೆ ಹೋದರೆ ಮಿಶ್ರಣವು ತೆಳುವಾಗಿ, ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಸಿದುಕೊಂಡಂತಾಗುತ್ತದೆ. ಅದು ನೀರನ್ನು ಹೀರಿಕೊಂಡು ತಿಂಗಳುಗಟ್ಟಲೆ ನಿಂತ ವಾಹನದ ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ, ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಕೊಳವೆ, ವಾಷರುಗಳನ್ನು ಹೊಸದಾಗಿ ಹಾಕಿಸಿಕೊಂಡವರು ಈ ಪೆಟ್ರೋಲನ್ನು ನಿರ್ಭಯವಾಗಿ ಬಳಸಬಹುದೆಂಬುದು ನನ್ನ ಅನುಭವ.

ಪೆಟ್ರೋಲು ತಾಳಿಕೊಳ್ಳುವುದಾದರೆ ಒಂಬತ್ತೂವರೆಗೋ ಹತ್ತಕ್ಕೋ ಹೋಗಬಾರದೇಕೆ ಎಂಬ ಪ್ರಶ್ನೆ ಆಗ ಏಳುತ್ತದೆ. ಬುಲೆಟ್ಟಿನ ದಹನಕೋಣೆ ಅರ್ಧಗೋಳದ ಆಕಾರದ್ದು. ಅದರೊಳಕ್ಕೆ ಎತ್ತರದ ಗುಮ್ಮಟವನ್ನು ತೂರಿಸಿದರೆ ಉಳಿಯುವ ಜಾಗವು ಕಿತ್ತಳೆಯ ಸಿಪ್ಪೆಯಂತೆ ತೆಳುವಾಗಿ, ಅಗಲವಾಗಿ ಹರಡುತ್ತದೆ. ಒಂದೇ ಬದಿಯಲ್ಲಿರುವ ಪ್ಲಗ್ಗಿನಿಂದ ಹೊರಟ ಜ್ವಾಲೆಯು ಗುಮ್ಮಟವನ್ನು ಬಳಸಿಕೊಂಡು ಆಚೆಯ ಅಂಚನ್ನು ತಲಪುವಷ್ಟರಲ್ಲಿ ಕಡೆಯ ಪಾಲಿನ ತಾಳ್ಮೆ ಮುಗಿದಿರುತ್ತದೆ. ಕೆಳಗಡೆಯಲ್ಲಿ ಇನ್ನೊಂದು ತೊಡಕು. ಹಳೆಯ ಬುಲೆಟ್ಟಿನ ಕನೆಕ್ಟಿಂಗ್ ರಾಡಿನ ದೊಡ್ಡ ತುದಿಯಲ್ಲಿರುವುದು ರೋಲರುಗಳಲ್ಲ, ಎಣ್ಣೆಯಲ್ಲಿ ತೇಲುವ ಒಂದು ಬುಷ್. ಕ್ರಮವಾದ ಒತ್ತಡವನ್ನು ಅದು ವರ್ಷಗಟ್ಟಲೆ ಹೊರುತ್ತದೆ. ನಾಕಿಂಗಿನ ಸುತ್ತಿಗೆಯೇಟನ್ನು ಹೊರಲಾರದು. ಕಾರ್ಖಾನೆಯವರೇ ಮಾಡಿದ್ದನ್ನು ನೋಡಿ. 2009ರಲ್ಲಿ ಬಂದ ಕ್ಲಾಸಿಕ್ 350ರ ಎಂಜಿನ್ನಿನಲ್ಲಿಯೂ ವ್ಯಾಸ 70, ಓಟ 90, ಅದೇ 346 ಸಿ.ಸಿ. ಅದಕ್ಕೆ ಅವರು ಎರಡು ಪ್ಲಗ್ಗುಗಳನ್ನಿಟ್ಟು ಜ್ವಾಲೆಯ ದಾರಿಯನ್ನು ಅರ್ಧಕ್ಕೆ ಇಳಿಸಿದರು. ಕಿಡಿಯ ಕಾಲವನ್ನು ಎಲೆಕ್ಟ್ರಾನಿಕ್ ವ್ಯವಸ್ಥೆಯ ವಶಕ್ಕೆ ಕೊಟ್ಟರು. ಇಡೀ ಎಂಜಿನ್ನನ್ನೇ ಹೊಸದಾಗಿ ರಚಿಸಿದರು. ಇಷ್ಟೆಲ್ಲ ಮಾಡಿದ ಮೇಲೆ ಅವರು ಇಟ್ಟ ಅನುಪಾತ ಎಂಟೂವರೆ. ಒಂದೇ ಪ್ಲಗ್ಗಿನ, ಕಬ್ಬಿಣದ ಬ್ಯಾರೆಲ್ಲಿನ, ತೇಲುಬುಷ್ಷಿನ ಹಳೆಯ ಎಂಜಿನ್ನಿಗೆ ಎಂಟೇ ಮೇರೆಯೆಂಬುದು ನನ್ನ ತೀರ್ಮಾನ. ಘಾಟಿಯಲ್ಲಿ ಹಿಂದೆ ಜನರನ್ನು ಕೂಡಿಸಿಕೊಂಡು ಓಡಾಡುವವರಿಗೆ ಏಳೂಕಾಲರಿಂದ ಏಳೂವರೆಯೇ ಸಾಕು.

ಪಿಸ್ಟನ್ ಕೊಳ್ಳುವ ಅಥವಾ ಹೆಡ್ ಕೆತ್ತಿಸುವ ಯೋಚನೆಯಲ್ಲಿರುವ ಓದುಗರಲ್ಲಿ ನನ್ನ ಪ್ರಾರ್ಥನೆ ಇಷ್ಟೆ. ಕೆತ್ತಿದ ಲೋಹವನ್ನು ಮರಳಿ ಅಂಟಿಸಲಾಗುವುದಿಲ್ಲ. ಆದುದರಿಂದ ಲೇತಿನವನ ಬಳಿಗೆ ಹೋಗುವ ಮುನ್ನ ಕಾಲೇಜುಗಳಿಗೆ ಪ್ರಯೋಗಾಲಯದ ಸಾಮಾನು ಒದಗಿಸುವ ಯಾವುದಾದರೂ ಅಂಗಡಿಯಿಂದ ಒಂದು ಬ್ಯೂರೆಟ್ಟನ್ನು ತಂದು, ನಿಮ್ಮ ಎಂಜಿನ್ನಿನ ಕೋಣೆಯನ್ನು ನೀವೇ ಅಳೆದು, ಆ ಸಂಖ್ಯೆಯನ್ನು ವಾಹನದ ಕಾಗದಪತ್ರಗಳ ಜೊತೆಯಲ್ಲಿ ಬರೆದಿಡಿ. ಮುಂದೆ ಅದನ್ನು ಕೊಳ್ಳುವವರಿಗೂ ಅದು ಬೇಕಾಗುತ್ತದೆ.